ಜಾಮೀನು ಸಿಕ್ಕಿ 31 ದಿನ ಆಯಿತು, ತಮ್ಮ ಇನ್ನೂ ಒಳಗೇ ಇದ್ದಾನೆ. ಏನು ಮಾಡಲಿ?

ಬೆಟಗೇರಿ ಮಗ್ಗ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವನು. ಮನೆಯಲ್ಲಿ ಎರಡು ಮಗ್ಗ ಇವೆ. ತಮ್ಮ ಟಂಟಂ ಓಡಿಸುತ್ತಾನೆ. ನಮಗೆ ಹೊಲ ಇಲ್ಲ. ಇರೋದು ಬಾಡಿಗೆ ಮನೆ.

ತಮ್ಮನ ಮೇಲೆ ಪಂಪ್‌ಸೆಟ್ ಕೇಬಲ್ ಕಳವಿನ ಕೇಸು ಬಿದ್ದಿದೆ. ಅವನ ಗಾಡಿಯಲ್ಲಿ ಯಾರೋ ನಾಲ್ಕು ಚೀಲ ಹಾಕಿ ಬಾಡಿಗೆ ಕಳಿಸಿದ್ದರು. ಒಳಗೆ ತಾಮ್ರದ ತಂತಿ ಇತ್ತು. ಚೀಲ ಬಿಚ್ಚಿ ನೋಡಿರಲಿಲ್ಲ ಅಂತಾನೆ. ನಾನು ನಂಬಿದ್ದೇನೆ. ನೀವು ನಂಬಬೇಕು ಅಂತ ಕೇಳಲ್ಲ, ಅದನ್ನು ಕೋರ್ಟು ನೋಡಲಿ. ಹಿಂದೆ ಅವನ ಮೇಲೆ ಒಂದೂ ಕೇಸಿಲ್ಲ.

ಒಂಬತ್ತನೇ ದಿನಕ್ಕೇ ಜಾಮೀನು ಆಯಿತು. ಅವ್ವ ವೀರನಾರಾಯಣ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಆಮೇಲೆ ವಕೀಲರು ಆರ್ಡರ್ ಓದಿ ಹೇಳಿದರು. ಒಂದು ಲಕ್ಷದ ಬಾಂಡ್. ಅಷ್ಟೇ ಮೊತ್ತಕ್ಕೆ ಇಬ್ಬರು ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವವರು. ಇಬ್ಬರೂ ಅದೇ ತಾಲ್ಲೂಕಿನವರಾಗಿರಬೇಕು, ಹೆಸರಿನಲ್ಲಿ ಜಮೀನು ಇರಬೇಕು.

ನಮ್ಮ ಸೋದರಮಾವ ಸವಣೂರು ಕಡೆಯವರು. ಎರಡೂವರೆ ಎಕರೆ ಇದೆ. ಹೊಲದ ಉತಾರ (ಪಹಣಿ), ಆಧಾರ್, ಫೋಟೋ ಎಲ್ಲ ಹಿಡಿದು ಮೂರು ಸಲ ಬಸ್ಸು ಹತ್ತಿ ಬಂದರು. ಮೂರೂ ಸಲ "ಹೊರ ಜಿಲ್ಲೆಯವರು ನಡೆಯಲ್ಲ" ಅಂತ ವಾಪಸ್. ಮೂರನೇ ಸಲ ನಾನೇ ಕೈಮುಗಿದು "ಸಾಹೇಬ್ರೇ, ನಮಗೆ ಊರಾಗ ಹೊಲ ಇದ್ದವರು ಯಾರೂ ಇಲ್ಲ" ಅಂದೆ. ಮೇಲೆ ಕೂತವರು ಹೇಳಿದ್ದು ಇದು: "ಕಳ್ಳತನ ಮಾಡೋವಾಗ ಇದು ನೆನಪಿರಲಿಲ್ವಾ? ಜಾಮೀನು ಕೊಟ್ಟಿದ್ದೇ ಜಾಸ್ತಿ." ಅಲ್ಲಿದ್ದವರು ನಕ್ಕರು.

ಹೊರಗೆ ಚಹಾದಂಗಡಿ ಹತ್ತಿರ ಒಬ್ಬ ಬಂದ. ಹದಿನೈದು ಸಾವಿರ ಕೊಟ್ಟರೆ ಎರಡು ಶ್ಯೂರಿಟಿ ರೆಡಿ ಅಂದ. ನಾನು ಕೊಡಲಿಲ್ಲ. ಈಗ ಅನ್ನಿಸುತ್ತಿದೆ, ಕೊಟ್ಟುಬಿಟ್ಟಿದ್ದರೆ ತಮ್ಮ ಮನೆಯಲ್ಲಿರುತ್ತಿದ್ದನೇನೋ.

ನನ್ನ ಪ್ರಶ್ನೆ ಎರಡು. ಈ ಮೊತ್ತ ಇಳಿಸೋಕೆ ದಾರಿ ಇದೆಯಾ? ಮತ್ತೆ, ಜಡ್ಜ್ ಹೀಗೆ ಮಾತಾಡಬಹುದಾ, ಇದಕ್ಕೆ ದೂರು ಎಲ್ಲಿ ಕೊಡಬೇಕು? ಕೋರ್ಟಿನ ಹೆಸರು ಬರೆಯುತ್ತಿಲ್ಲ. ದಯವಿಟ್ಟು ಯಾರೂ ಕೇಳಬೇಡಿ.

ಲೈನ್ ಬಜಾರ್ ಪೇಡಾ | ಸೋಮವಾರ ರಾತ್ರಿ 9:58

ಅಣ್ಣಾ, ಮೊದಲು ಆ ಹದಿನೈದು ಸಾವಿರದವನ ಕಡೆ ತಿರುಗಿ ನೋಡಬೇಡ. ನಮ್ಮ ಓಣಿಯ ಹುಡುಗ ಒಬ್ಬ ಹಂಗೇ ತಂದಿದ್ದ. ಉತಾರ ಇನ್ಯಾರದೋ, ಆಧಾರ್ ಇನ್ಯಾರದೋ. ಜಾಮೀನು ರದ್ದಾಯಿತು, ಮೇಲೆ ಫೋರ್ಜರಿ ಕೇಸು ಬೇರೆ. ಒಂದು ಹೋಗಿ ಎರಡಾದವು.

ಕರಿಕೋಟು ಧಾರವಾಡ | ಸೋಮವಾರ ರಾತ್ರಿ 10:35

ಬೆಟಗೇರಿಯವರೇ, ನಾನು ವಕೀಲ, ಆದರೆ ನಿಮ್ಮ ಕೇಸಿನ ವಕೀಲ ಅಲ್ಲ. ನಿಮ್ಮವರು ಹೇಳಿದ್ದಕ್ಕೆ ಅಡ್ಡ ಹೋಗಬೇಡಿ. ಇಲ್ಲಿ ಬರೆಯೋದನ್ನು ಅವರ ಮುಂದೆ ಇಟ್ಟು ಕೇಳಿ.

ಮೊದಲನೇ ಪ್ರಶ್ನೆಗೆ ಉತ್ತರ, ದಾರಿ ಇದೆ. ಬಾಂಡಿನ ಮೊತ್ತ ಕೇಸಿನ ಪರಿಸ್ಥಿತಿ ನೋಡಿ ಇರಬೇಕು, ಅತಿ ಆಗಬಾರದು ಅಂತ ಕಾನೂನಿನಲ್ಲೇ ಬರೆದಿದೆ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನೋ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ ಅದು ಕಲಂ 440. 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ ಕಲಂ 484. ಅದೇ ಕಲಂನ ಎರಡನೇ ಭಾಗದಲ್ಲಿ, ಕೆಳಗಿನ ಕೋರ್ಟು ಹಾಕಿದ ಮೊತ್ತವನ್ನು ಸೆಷನ್ಸ್ ಕೋರ್ಟು ಅಥವಾ ಹೈಕೋರ್ಟು ಇಳಿಸಬಹುದು ಅಂತಲೂ ಇದೆ. ಮೊದಲು ಅದೇ ಕೋರ್ಟಿಗೆ ಷರತ್ತು ಸಡಿಲಿಸಲು ಅರ್ಜಿ ಹಾಕಿ. ಆಗದಿದ್ದರೆ ಸೆಷನ್ಸ್. ಅಲ್ಲೂ ಆಗದಿದ್ದರೆ ಹೈಕೋರ್ಟಿನ ನಮ್ಮ ಧಾರವಾಡ ಪೀಠ ಇದ್ದೇ ಇದೆ. 2008ಕ್ಕಿಂತ ಮುಂಚೆ ಇಷ್ಟಕ್ಕೂ ಬೆಂಗಳೂರು ಬಸ್ಸು ಹತ್ತಬೇಕಿತ್ತು.

ಇನ್ನು ಹೊರ ಜಿಲ್ಲೆಯವರು ನಡೆಯಲ್ಲ ಅನ್ನೋ ಮಾತು. ಇದನ್ನು ಓದಿದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಿಮ್ಮ ಕಥೆ 1978ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿ ಬಂದಿದೆ. ಮೋತಿರಾಮ್ ಅಂತ ಮಧ್ಯಪ್ರದೇಶದ ಒಬ್ಬ ಗೌಂಡಿ. ಅವನಿಗೆ ಜಾಮೀನು ಕೊಟ್ಟಿದ್ದು ಸುಪ್ರೀಂ ಕೋರ್ಟೇ. ಮೊತ್ತ ಎಷ್ಟು ಅನ್ನೋದನ್ನು ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತ್ತು. ಅವರು ಹತ್ತು ಸಾವಿರದ ಶ್ಯೂರಿಟಿ ಕೇಳಿದರು. ಆ ಕಾಲದ ಹತ್ತು ಸಾವಿರ! ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಶ್ಯೂರಿಟಿ ಬರ್ತೀನಿ ಅಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ವಾಪಸ್ ಕಳಿಸಿದರು. ನಿಮ್ಮ ಮಾವನ ಹಾಗೇ ಅಲ್ವಾ?

ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಾಗಿ ಬರೆದಿದ್ದಾರೆ. ಒಬ್ಬ ಮಲಯಾಳಿಯನ್ನೋ ಕನ್ನಡಿಗನನ್ನೋ ಬಸ್ತರ್‌ನಲ್ಲಿ, ಪೋರ್ಟ್ ಬ್ಲೇರ್‌ನಲ್ಲಿ, ಚಾಂದನಿ ಚೌಕ್‌ನಲ್ಲಿ ಹಿಡಿದರೆ ಅವನು ಅಲ್ಲಿ ಆಸ್ತಿ ಇದ್ದ ಶ್ಯೂರಿಟಿ ಎಲ್ಲಿಂದ ತರಬೇಕು ಅಂತ ಕೇಳಿದ್ದಾರೆ. ಕೊನೆಗೆ ಶ್ಯೂರಿಟಿ ಇಲ್ಲದೆ ಸಾವಿರ ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿ ಅಂದರು. ಅವರು ಕೇಳಿದ್ದು ದೆಹಲಿ, ಅಂಡಮಾನ್ ಮಾತು. ನಿಮ್ಮ ಮಾವ ಇರೋದು ಪಕ್ಕದ ಜಿಲ್ಲೆಯಲ್ಲಿ!

ನಿವೃತ್ತ ಗುಮಾಸ್ತ | ಮಂಗಳವಾರ ಬೆಳಿಗ್ಗೆ 6:50

ತಮ್ಮಾ ಬೆಟಗೇರಿ, ನಾನು 34 ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು. ಬೆಂಚ್ ಕ್ಲರ್ಕ್ ಆಗಿ ಜಾಸ್ತಿ ವರ್ಷ. ವಕೀಲಸಾಹೇಬ್ರು ಹೇಳಿದ ಕಾನೂನು ಸರಿ. ಆದರೆ ಕುರ್ಚಿಯ ಆ ಕಡೆಯಿಂದ ಹೆಂಗೆ ಕಾಣುತ್ತದೆ ಅನ್ನೋದನ್ನೂ ಹೇಳ್ತೀನಿ.

ಸ್ವಂತ ಬಾಂಡ್ ಮೇಲೆ ಹೋದವರು ಎಷ್ಟೋ ಮಂದಿ ತಾರೀಖಿಗೆ ಬರಲ್ಲ. ವಾರಂಟ್ ಹೊರಡಿಸಬೇಕು. ಪೊಲೀಸರು "ಆಸಾಮಿ ಊರಲ್ಲಿಲ್ಲ" ಅಂತ ಬರೆದು ವಾಪಸ್ ಕಳಿಸ್ತಾರೆ. ಮತ್ತೆ ವಾರಂಟ್. ನಾಲ್ಕು ಆರೋಪಿಗಳಲ್ಲಿ ಒಬ್ಬ ತಪ್ಪಿಸಿಕೊಂಡರೆ ಉಳಿದ ಮೂವರ ಕೇಸೂ ನಿಲ್ಲುತ್ತದೆ, ಇಲ್ಲಾ ಅವನದನ್ನು ಬೇರೆ ಮಾಡಬೇಕು. ವರ್ಷದ ಕೊನೆಗೆ ಬಾಕಿ ಕೇಸುಗಳ ಲೆಕ್ಕ ಮೇಲೆ ಹೋಗುತ್ತದೆ. ಹೊಸದಾಗಿ ಬಂದ ಸಣ್ಣ ವಯಸ್ಸಿನ ಮ್ಯಾಜಿಸ್ಟ್ರೇಟರಿಗೆ ಅದೇ ದೊಡ್ಡ ತಲೆನೋವು. ಸ್ಥಳೀಯ ಶ್ಯೂರಿಟಿ ಇದ್ದರೆ ಅವನ ಕುತ್ತಿಗೆ ಪಟ್ಟಿ ಹಿಡಿದು ಆರೋಪಿಯನ್ನು ಕರೆಸಬಹುದು ಅನ್ನೋ ಲೆಕ್ಕ. ಕೆಟ್ಟತನ ಅಲ್ಲ, ರೂಢಿ.

ಇನ್ನೊಂದು ಇದೆ. ಜಾಮೀನು ಸಲೀಸಾಗಿ ಕೊಟ್ಟರೆ ಊರೊಳಗೆ ಗುಸುಗುಸು ಶುರು. "ಎಷ್ಟು ತಗೊಂಡರಂತೆ?" ಅಂತ. ಈ ಭಯದ ಬಗ್ಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಚಂದ್ರಚೂಡ್ ಅವರೇ 2022ರಲ್ಲಿ ಸಭೆಯಲ್ಲಿ ಹೇಳಿದ್ದರು. ಕೆಳಗಿನ ಜಡ್ಜ್‌ಗಳು ಅಪರಾಧ ಅರ್ಥವಾಗದೆ ಜಾಮೀನು ಕೊಡೋಕೆ ಹಿಂಜರಿಯಲ್ಲ, ಗುರಿಯಾಗುತ್ತೇವೆ ಅನ್ನೋ ಹೆದರಿಕೆಗೆ ಹಿಂಜರಿಯುತ್ತಾರೆ ಅಂತ.

ಆದರೆ ಆ ನಗಿಸಿದ ಮಾತು ತಪ್ಪು. ನಮ್ಮ ಕಾಲದ ಒಬ್ಬ ಸಾಹೇಬರು ಇದ್ದರು, ಆರೋಪಿಗೂ "ನೀವು" ಅಂತಲೇ ಮಾತಾಡಿಸುತ್ತಿದ್ದರು. ಶಿಕ್ಷೆ ಕೊಡುವಾಗಲೂ.

ಖಾಕಿ ಮನೆಯವ | ಮಂಗಳವಾರ ಬೆಳಿಗ್ಗೆ 8:15

ನಮ್ಮ ಅಪ್ಪ ಹೆಡ್ ಕಾನ್‌ಸ್ಟೇಬಲ್. ಎಲ್ಲರೂ ಆರೋಪಿಯ ಕಡೆಯಿಂದಲೇ ಬರೆಯುತ್ತಿದ್ದೀರಿ. ಕೇಬಲ್ ಕಳೆದುಕೊಂಡ ರೈತನನ್ನು ಯಾರಾದರೂ ಕೇಳಿದ್ದೀರಾ? ಗೋವಿನಜೋಳ ತೆನೆ ಕಟ್ಟೋ ಹೊತ್ತಿಗೆ ಮೋಟರ್ ನಿಂತರೆ ಬೆಳೆ ಒಣಗುತ್ತದೆ. ಹೊಸ ಕೇಬಲ್‌ಗೆ ಸಾಲ ಮಾಡಬೇಕು. ಹಿಡಿದು ಕೊಟ್ಟರೆ ವಾರದಲ್ಲಿ ಹೊರಗೆ, ತಿಂಗಳಲ್ಲಿ ಇನ್ನೊಂದು ಹೊಲದಲ್ಲಿ ಕೇಬಲ್ ಮಾಯ. ಮೊತ್ತ ಜಾಸ್ತಿ ಇದ್ದರೆ ಏನು ತಪ್ಪು?

ಕರಿಕೋಟು ಧಾರವಾಡ | ಮಂಗಳವಾರ ಬೆಳಿಗ್ಗೆ 8:40

ತಪ್ಪು ಏನು ಅಂದರೆ, ಹೊರಗೆ ಬಿಟ್ಟರೆ ಮತ್ತೆ ಕದಿಯುತ್ತಾನೆ ಅನ್ನಿಸಿದರೆ ಜಾಮೀನು ಅರ್ಜಿ ತಳ್ಳಿಹಾಕಿ ಕಾರಣ ಬರೆಯಬೇಕು. ಆ ಕಾರಣ ಸರಿಯೋ ತಪ್ಪೋ ಅಂತ ಮೇಲಿನ ಕೋರ್ಟು ನೋಡುತ್ತದೆ. ಬಿಡುತ್ತೇನೆ ಅಂತ ಬರೆದು, ಬಿಡಲಾಗದಂಥ ಷರತ್ತು ಹಾಕಿದರೆ ಲೆಕ್ಕದಲ್ಲಿ ಜಾಮೀನು ಕೊಟ್ಟ ಹಾಗೆ, ಮನುಷ್ಯ ಮಾತ್ರ ಒಳಗೆ. ಕಾರಣ ಎಲ್ಲೂ ಇಲ್ಲ. ಪ್ರಶ್ನೆ ಮಾಡೋದು ಯಾವುದನ್ನು?

2024ರ ಆಗಸ್ಟ್‌ನಲ್ಲಿ ಗಿರೀಶ್ ಗಾಂಧಿ ಅನ್ನುವವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಅತಿಯಾದ ಜಾಮೀನು ಜಾಮೀನೇ ಅಲ್ಲ, ಬಲಗೈಯಲ್ಲಿ ಕೊಟ್ಟಿದ್ದನ್ನು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ ಅಂತ. ಆ ಮನುಷ್ಯನ ಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ 13 ಕೇಸು. ಎಲ್ಲದರಲ್ಲೂ ಜಾಮೀನಾಗಿದೆ. ಆದರೆ ಪ್ರತಿ ಕೇಸಿಗೂ ಬೇರೆ ಬೇರೆ ಶ್ಯೂರಿಟಿ ಎಲ್ಲಿಂದ ತರೋದು? ಕೊನೆಗೆ ಅದೇ ಶ್ಯೂರಿಟಿಗಳು ಒಂದಕ್ಕಿಂತ ಹೆಚ್ಚು ಕೇಸಿಗೆ ನಡೆಯುತ್ತಾರೆ ಅಂತ ಆದೇಶ ಆಯಿತು.

ಬ್ಯಾಡಗಿ ಕಡ್ಡಿ | ಮಂಗಳವಾರ ಮಧ್ಯಾಹ್ನ 1:20

ನಾನು ಮೆಣಸಿನಕಾಯಿ ದಲಾಲಿ. ಕಾನೂನು ಗೊತ್ತಿಲ್ಲ. ಆದರೆ ಶ್ಯೂರಿಟಿ ಆಗಿ ಸುಟ್ಟುಕೊಂಡವನು ನಾನು, ಅದನ್ನು ಹೇಳಲೇಬೇಕು.

ಹನ್ನೆರಡು ವರ್ಷದ ಹಿಂದೆ ನಮ್ಮ ಅಂಗಡಿಯ ಹಮಾಲ ಒಬ್ಬ ಹೊಡೆದಾಟದ ಕೇಸಿನಲ್ಲಿ ಸಿಕ್ಕ. ಅವನ ಹೆಂಡತಿ ಕೂಸು ಕಟ್ಟಿಕೊಂಡು ಅಂಗಡಿ ಮುಂದೆ ಕೂತಳು. ಉತಾರ ಒಯ್ದು ಸಹಿ ಹಾಕಿದೆ. ಇಪ್ಪತ್ತು ಸಾವಿರದ ಬಾಂಡ್. ಎರಡು ವರ್ಷ ಸರಿಯಾಗಿ ತಾರೀಖಿಗೆ ಹೋದ. ಆಮೇಲೆ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಅಂತ ಹೋದವನು ಬರಲೇ ಇಲ್ಲ. ನನಗೆ ನೋಟಿಸು ಬಂತು, ಇಪ್ಪತ್ತು ಸಾವಿರ ಯಾಕೆ ವಸೂಲು ಮಾಡಬಾರದು ಅಂತ. ನಾನು ಜೀವಮಾನದಲ್ಲಿ ಕೋರ್ಟು ಮೆಟ್ಟಿಲು ಹತ್ತಿದ್ದು ಅದಕ್ಕೆ. ಕಟಕಟೆಯಲ್ಲಿ ನಿಂತಾಗ ಕಾಲು ನಡುಗಿದವು. ಪುಣ್ಯಕ್ಕೆ ಜಡ್ಜ್ ಒಳ್ಳೆಯವರು, ನಾನು ಹುಡುಕಲು ಪಟ್ಟ ಪಾಡು ಕೇಳಿ ಮೊತ್ತ ಅರ್ಧಕ್ಕೆ ಇಳಿಸಿದರು.

ಆವತ್ತಿನಿಂದ ನಮ್ಮ ಮನೆಯಲ್ಲಿ ಉತಾರ ಕಪಾಟಿನ ಒಳಗೆ, ಕಪಾಟಿನ ಕೀಲಿ ಹೆಂಡತಿ ಸೆರಗಿನಲ್ಲಿ. ಹಳ್ಳಿಯಲ್ಲಿ ಹೊಲ ಇದ್ದವನು ಹೊಲ ಇಲ್ಲದವನಿಗೆ ಶ್ಯೂರಿಟಿ ನಿಲ್ಲೋದು ಕಮ್ಮಿ. ಉತಾರದಲ್ಲಿ ಹೊಣೆ ನಮೂದಾಗಿ ಬೋಜಾ ಬೀಳುತ್ತದೆ, ಬೆಳೆಸಾಲ ಸಿಗಲ್ಲ ಅನ್ನೋ ಹೆದರಿಕೆ. ಖರೇನೋ ಸುಳ್ಳೋ, ಹೆದರಿಕೆ ಅಂತೂ ಖರೆ. ಯಾರಾದರೂ ನಿಂತರೂ ಅದು ಋಣ. ಮುಂದಿನ ಹತ್ತು ವರ್ಷ ಅವರ ಹೊಲದ ಕೆಲಸಕ್ಕೆ ಕರೆದಾಗ ಹೋಗಬೇಕು, ಚುನಾವಣೆಯಲ್ಲಿ ಅವರು ಹೇಳಿದ ಕಡೆ ಇರಬೇಕು. ಎರಡು ಶ್ಯೂರಿಟಿ ಅಂತ ಆರ್ಡರಿನಲ್ಲಿ ಅರ್ಧ ಸಾಲು ಬರೆಯೋವಾಗ ಇದೆಲ್ಲ ಯಾರ ತಲೆಯಲ್ಲಿ ಬರುತ್ತದೆ?

ಕರಿಕೋಟು ಧಾರವಾಡ | ಮಂಗಳವಾರ ಮಧ್ಯಾಹ್ನ 2:05

ಕಡ್ಡಿಯವರೇ, ಇದನ್ನು ನಮ್ಮ ಕಾನೂನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಒಂದೇ ಮಾತು ಸೇರಿಸುತ್ತೇನೆ. ಶ್ಯೂರಿಟಿ ಆದವರು ಆರೋಪಿ ಕೈಗೆ ಸಿಗೋವಾಗಲೇ "ಇನ್ನು ನನ್ನಿಂದ ಆಗಲ್ಲ" ಅಂತ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಗೋವಾ ಬಸ್ಸು ಹತ್ತೋಕೆ ಮುಂಚೆ!

ನವನಗರದ ಅಕ್ಕ | ಮಂಗಳವಾರ ಸಂಜೆ 5:30

ನಾನು ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ. ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಹೋದ ವರ್ಷ ಆರು ತಿಂಗಳು ಅಲ್ಲಿದ್ದೆ, ಬೇರೆ ಕೆಲಸ ಇಲ್ಲದೆ ಇಂಥದ್ದೆಲ್ಲ ಓದಿದೆ. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿಸಿದ ಎಂಟನೇ ತಿದ್ದುಪಡಿಯಲ್ಲೇ ಅತಿಯಾದ ಜಾಮೀನು ಕೇಳಬಾರದು ಅಂತ ಇದೆ. ಆದರೂ ನ್ಯೂಯಾರ್ಕಿನಲ್ಲಿ 2010ರಲ್ಲಿ ಒಂದು ಚೀಲ ಕದ್ದ ಅಂತ 16 ವರ್ಷದ ಹುಡುಗನನ್ನು ಹಿಡಿದು, ಮೂರು ಸಾವಿರ ಡಾಲರ್ ಕಟ್ಟಲಾಗದೆ ಅವನು ಮೂರು ವರ್ಷ ಜೈಲಿನಲ್ಲಿದ್ದ. ವಿಚಾರಣೆಯೇ ಆಗಲಿಲ್ಲ, ಕೇಸು ಬಿದ್ದುಹೋಯಿತು. ಹೊರಗೆ ಬಂದ ಮೇಲೆ ಜೀವ ಕಳೆದುಕೊಂಡ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟೆಂದರೂ ಹೈಸ್ಕೂಲ್ ಹುಡುಗರ ಜೊತೆ ಬದುಕು ಕಳೆದವಳು.

ಅಲ್ಲಿ ಜಾಮೀನು ಅನ್ನೋದು ಅಂಗಡಿ ವ್ಯಾಪಾರ. ಮೊತ್ತದ ನೂರಕ್ಕೆ ಹತ್ತರಷ್ಟು ಕೊಟ್ಟರೆ ಏಜೆಂಟ್ ಬಿಡಿಸುತ್ತಾನೆ, ಆ ದುಡ್ಡು ವಾಪಸ್ ಬರಲ್ಲ. ಬೆಟಗೇರಿ ತಮ್ಮನಿಗೆ ಚಹಾದಂಗಡಿಯಲ್ಲಿ ಸಿಕ್ಕವನೇ ಅಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ದಾನೆ. ನ್ಯೂಜೆರ್ಸಿಯಲ್ಲಿ ಮಾತ್ರ 2017ರಿಂದ ದುಡ್ಡಿನ ಜಾಮೀನು ಹೆಚ್ಚುಕಮ್ಮಿ ನಿಲ್ಲಿಸಿದ್ದಾರೆ. ಇಲಿನಾಯ್ 2023ರಲ್ಲಿ ಪೂರ್ತಿ ತೆಗೆದುಹಾಕಿತು.

ಜಡ್ಜ್ ನಡತೆಯ ವಿಷಯಕ್ಕೆ ಅಲ್ಲಿಯದೇ ಒಂದು ಕಥೆ. ಪೆನ್ಸಿಲ್ವೇನಿಯಾದಲ್ಲಿ ಇಬ್ಬರು ಜಡ್ಜ್‌ಗಳು ಮಕ್ಕಳನ್ನು ಖಾಸಗಿ ಬಂಧನ ಕೇಂದ್ರಕ್ಕೆ ಕಳಿಸಿ ಅದರ ಹಿಂದಿನವರಿಂದ 28 ಲಕ್ಷ ಡಾಲರ್ ತಿಂದಿದ್ದರು. ಒಬ್ಬನಿಗೆ 28 ವರ್ಷ ಶಿಕ್ಷೆ ಆಯಿತು. ಸಾವಿರಾರು ಮಕ್ಕಳ ಕೇಸು ರದ್ದು ಮಾಡಬೇಕಾಯಿತು.

ಲೈನ್ ಬಜಾರ್ ಪೇಡಾ | ಮಂಗಳವಾರ ಸಂಜೆ 5:52

ಅಕ್ಕೋರೆ, ಅಷ್ಟು ದೂರ ಯಾಕೆ? 2012ರಲ್ಲಿ ಗಣಿ ಕೇಸಿನಲ್ಲಿ ಜಾಮೀನಿಗೆ ಲಂಚ ತಗೊಂಡ ಆರೋಪದ ಮೇಲೆ ಹೈದರಾಬಾದಿನ ಸಿಬಿಐ ಕೋರ್ಟಿನ ಜಡ್ಜ್ ಅಮಾನತಾಗಿ ಅರೆಸ್ಟ್ ಆಗಿರಲಿಲ್ವಾ? ಬಳ್ಳಾರಿ ಪಕ್ಕದಲ್ಲೇ ಇದೆ.

ಬೆಟಗೇರಿ ಮಗ್ಗ | ಮಂಗಳವಾರ ರಾತ್ರಿ 8:10

ನಮ್ಮ ಕೇಸಿನಲ್ಲಿ ಲಂಚದ ಮಾತು ಇಲ್ಲ. ಇಲ್ಲದ್ದನ್ನು ಹೇಳಬಾರದು. ಆ ಮಾತು, ಮತ್ತೆ ಎಷ್ಟು ಹೇಳಿದರೂ ಕೇಳದೇ ಇದ್ದದ್ದು, ಇಷ್ಟೇ.

ಖಾಕಿ ಮನೆಯವರೇ, ನಿಮ್ಮ ಮಾತಿಗೆ ಸಿಟ್ಟಿಲ್ಲ. ಕೇಬಲ್ ಕಳೆದುಕೊಂಡ ರೈತರ ಮನೆಗೂ ನಾನು ಹೋಗಿದ್ದೆ. ಅವರು ಕುಡಿಯೋಕೆ ನೀರು ಕೊಟ್ಟರು, ಮಾತಾಡಲಿಲ್ಲ.

ಇವತ್ತು ಜೈಲಿನಲ್ಲಿ ತಮ್ಮನನ್ನು ನೋಡಿ ಬಂದೆ. ಗಡ್ಡ ಬಿಟ್ಟಿದ್ದಾನೆ. "ಗಾಡಿ ಕಂತು ಕಟ್ಟಿದೆಯಾ?" ಅಂತ ಕೇಳಿದ. ಕಟ್ಟಿದ್ದೇನೆ ಅಂದೆ. ಕಟ್ಟಿಲ್ಲ.

ಊರಿನ ಪ್ಯಾರಾ ಲೀಗಲ್ | ಮಂಗಳವಾರ ರಾತ್ರಿ 9:15

ನಾನು ಹಾವೇರಿ ಜಿಲ್ಲೆಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ. ಅಣ್ಣಾ, 31 ದಿನ ಆಗಿದೆ ಅಂತ ಬರೆದಿದ್ದೀರಿ. ಆ ಲೆಕ್ಕ ನಿಮ್ಮ ಕೈಯಲ್ಲಿರೋ ದೊಡ್ಡ ಆಯುಧ. ಯಾಕೆ ಅಂತ ಹೇಳ್ತೀನಿ.

2022ರ ನವೆಂಬರ್ 26ರಂದು ಸಂವಿಧಾನ ದಿನದ ಸಭೆಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಜೈಲಿನಲ್ಲಿರೋ ಬಡವರ ಬಗ್ಗೆ ಮಾತಾಡಿದರು. ಆ ವರ್ಷದ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ಜಾಮೀನು ಸಿಕ್ಕೂ ಒಳಗಿರೋರು ಎಷ್ಟು ಅಂತ ಸುಪ್ರೀಂ ಕೋರ್ಟು ಜೈಲುಗಳಿಂದ ಲೆಕ್ಕ ಕೇಳಿತು. 2023ರ ಜನವರಿ 31ರಂದು ನಿರ್ದೇಶನ ಕೊಟ್ಟಿತು.

ಅದರ ಪ್ರಕಾರ ಜಾಮೀನು ಆದ ದಿನ ಅಥವಾ ಮರುದಿನವೇ ಆದೇಶದ ಪ್ರತಿ ಇಮೇಲ್‌ನಲ್ಲಿ ಜೈಲಿಗೆ ಹೋಗಿ ಕೈದಿಗೆ ತಲುಪಬೇಕು. ಏಳು ದಿನದಲ್ಲಿ ಅವನು ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಆಗ ನಮ್ಮಂಥವರು ಹೋಗಿ ಯಾಕೆ ಬಿಡುಗಡೆ ಆಗಿಲ್ಲ ಅಂತ ಕೇಳಬೇಕು, ಮನೆ ಪರಿಸ್ಥಿತಿಯ ವರದಿಯನ್ನು ಕೋರ್ಟಿನ ಮುಂದೆ ಇಡಬಹುದು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಕೇಸು ಕೈಗೆತ್ತಿಕೊಂಡು ಷರತ್ತು ಬದಲಿಸಬಹುದು. ಸ್ಥಳೀಯ ಶ್ಯೂರಿಟಿಗೆ ಪಟ್ಟು ಹಿಡಿಯೋದು ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಷರತ್ತು ಹಾಕದಿರಬಹುದು ಅಂತಲೂ ಅದರಲ್ಲೇ ಇದೆ.

ನಿಮ್ಮ ತಿಂಗಳು ನಿನ್ನೆಗೆ ಮುಗಿಯಿತು. ನಾಳೆಯೇ ನಿಮ್ಮ ಜಿಲ್ಲೆಯ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರೋರಿಗೆ ಆದಾಯ ಎಷ್ಟು ಅಂತ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಕೇಂದ್ರದ್ದು ಬಡ ಕೈದಿಗಳ ನೆರವಿನ ಯೋಜನೆಯೂ ಇದೆ. 2023ರ ನಿಯಮದಲ್ಲಿ ಜಾಮೀನಿನ ಹಣಕ್ಕೆ ಒಬ್ಬ ವಿಚಾರಣಾಧೀನನಿಗೆ 40,000 ರೂಪಾಯಿವರೆಗೆ ಇತ್ತು. ಜಿಲ್ಲಾಧಿಕಾರಿ, ಎಸ್‌ಪಿ ಎಲ್ಲ ಇರೋ ಸಮಿತಿ ಒಪ್ಪಬೇಕು. ಆದರೆ ಕೋರ್ಟು ಉತಾರ ಹಿಡಿದ ಮನುಷ್ಯನನ್ನೇ ಕೇಳಿದರೆ ಈ ದುಡ್ಡಿನಿಂದ ಏನು ಮಾಡೋದು? ಅದಕ್ಕೇ ಅರ್ಜಿಯಲ್ಲಿ ಶ್ಯೂರಿಟಿ ಬದಲು ನಗದು ಠೇವಣಿ ಒಪ್ಪಿಕೊಳ್ಳಿ ಅಂತಲೂ ಕೇಳಿ.

ಕರಿಕೋಟು ಧಾರವಾಡ | ಮಂಗಳವಾರ ರಾತ್ರಿ 9:50

ತಂಗಿ ಸರಿಯಾಗಿ ಹೇಳಿದಳು. ಅರ್ಜಿಯ ಜೊತೆ ಏನು ಹಚ್ಚಬೇಕು ಅನ್ನೋದನ್ನು ನಾನು ಹೇಳುತ್ತೇನೆ. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿ ಅವರು ಓಡಿಹೋಗದಂತೆ ಮನುಷ್ಯನನ್ನು ಹಿಡಿದಿಡೋದು ದುಡ್ಡೊಂದೇ ಅಲ್ಲ ಅಂದರು. ಊರಿನಲ್ಲಿ ಅವನ ಬೇರು ಎಷ್ಟು ಆಳ ಇದೆ ಅಂತ ನೋಡಿ ಅಂದರು. ಹಾಗಾದರೆ ಬೇರು ತೋರಿಸಿ. ರೇಷನ್ ಕಾರ್ಡು, ಬಾಡಿಗೆ ಕರಾರು, ಮಕ್ಕಳಿದ್ದರೆ ಶಾಲೆಯ ಪತ್ರ, ಟಂಟಂ ಪರ್ಮಿಟ್, ಗಾಡಿ ಸಾಲದ ಪುಸ್ತಕ. ಕಂತು ಬಾಕಿ ಇದ್ದರೂ ಪರವಾಗಿಲ್ಲ. ಮಾವ ಮೂರು ಸಲ ಬಂದ ಬಸ್ ಟಿಕೆಟ್ ಇದ್ದರೆ ಅದನ್ನೂ ಹಚ್ಚಿ. ನಗಬೇಡಿ, ಯಾರೂ ಶ್ಯೂರಿಟಿಗೆ ಬರಲಿಲ್ಲ ಅನ್ನೋ ಮಾತಿಗೆ ಅದೇ ಉತ್ತರ.

ಈಗ ಎರಡನೇ ಪ್ರಶ್ನೆ. ಇಲ್ಲಿ ನನ್ನ ಮಾತು ನಿಮಗೆ ಹಿಡಿಸದೇ ಇರಬಹುದು. ಲಕ್ಷ ರೂಪಾಯಿ ಹಾಕಿದ್ದು ದುರ್ನಡತೆ ಅಲ್ಲ. ಅದು ತಪ್ಪು ಆದೇಶ. ತಪ್ಪು ಆದೇಶಕ್ಕೆ ಮದ್ದು ಮೇಲಿನ ಕೋರ್ಟು. 2019ರಲ್ಲಿ ಬಿಹಾರದ ಒಬ್ಬ ಜಡ್ಜ್ ಮೇಲೆ ಜಾಮೀನು ಕೊಟ್ಟಿದ್ದಕ್ಕೆ ತೆಗೆದುಕೊಂಡ ಶಿಸ್ತು ಕ್ರಮವನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಆದೇಶ ತಪ್ಪು ಅಂದ ಮಾತ್ರಕ್ಕೆ ಕ್ರಮ ಬೇಡ, ಹೊರಗಿನ ಕಾರಣ ಏನಾದರೂ ಇರಬೇಕು ಅಂತ. ನೀವೇ ಯೋಚಿಸಿ. ಪ್ರತಿ ತಪ್ಪು ಆದೇಶಕ್ಕೂ ಜಡ್ಜ್ ಮೇಲೆ ದೂರು ಹೋಗುತ್ತದೆ ಅಂದರೆ ಯಾವ ಜಡ್ಜ್ ಬಡವನಿಗೆ ಜಾಮೀನು ಕೊಡುತ್ತಾರೆ? ಗುಮಾಸ್ತ ಕಾಕಾ ಹೇಳಿದ ಭಯ ಇನ್ನೂ ಜಾಸ್ತಿ ಆಗುತ್ತದೆ.

ಆ ಮಾತು ಬೇರೆ. ವಿಚಾರಣೆಯೇ ಶುರುವಾಗಿಲ್ಲ, ಕಳ್ಳ ಅಂತ ತೀರ್ಮಾನ ಆಗಿದೆ. ಅದು ನಡತೆಯ ಪ್ರಶ್ನೆ. ಜಡ್ಜ್‌ಗಳ ನಡತೆಗೆ ಜಗತ್ತೆಲ್ಲ ನೋಡೋ ಒಂದು ಪಟ್ಟಿ ಇದೆ. ಅದರ ಹೆಸರೇ ಬೆಂಗಳೂರು ತತ್ವಗಳು. 2001ರಲ್ಲಿ ಬೆಂಗಳೂರಿನ ಸಭೆಯಲ್ಲಿ ಕರಡು ಆಗಿ, 2002ರಲ್ಲಿ ಹೇಗ್‌ನಲ್ಲಿ ಪಕ್ಕಾ ಆಯಿತು. ಮಾತಿನಿಂದಾಗಲಿ ನಡೆಯಿಂದಾಗಲಿ ಜಡ್ಜ್ ಪೂರ್ವಗ್ರಹ ತೋರಿಸಬಾರದು ಅಂತ ಅದರಲ್ಲಿದೆ. ನಮ್ಮ ರಾಜ್ಯದ ರಾಜಧಾನಿಯ ಹೆಸರು ಹೊತ್ತ ಪಟ್ಟಿ, ನಮ್ಮ ತಾಲ್ಲೂಕುಗಳಿಗೆ ಬರಲು ಬಸ್ಸು ಸಿಕ್ಕಿಲ್ಲ ಅಂತ ಕಾಣುತ್ತದೆ.

ದೂರು ಕೊಡೋದಾದರೆ ಹೈಕೋರ್ಟಿಗೆ. ಸಂವಿಧಾನದ 235ನೇ ವಿಧಿಯಲ್ಲಿ ಕೆಳಗಿನ ಕೋರ್ಟುಗಳ ಹತೋಟಿ ಹೈಕೋರ್ಟಿನದ್ದು. ಅಲ್ಲಿ ಇಂಥ ದೂರು ನೋಡೋಕೆ ವಿಜಿಲೆನ್ಸ್ ರಿಜಿಸ್ಟ್ರಾರ್ ಇದ್ದಾರೆ. ಸುಮ್ನೆ ಅರ್ಜಿ ಬರೆದರೆ ನಡೆಯಲ್ಲ. ಪ್ರಮಾಣ ಮಾಡಿದ ಅಫಿಡವಿಟ್ ಬೇಕು, ಪರಿಶೀಲಿಸಬಹುದಾದ ಆಧಾರ ಬೇಕು. ಹೆಸರಿಲ್ಲದ ದೂರು ಕಸದ ಬುಟ್ಟಿಗೆ.

ನಿವೃತ್ತ ಗುಮಾಸ್ತ | ಬುಧವಾರ ಬೆಳಿಗ್ಗೆ 6:30

ವಕೀಲಸಾಹೇಬ್ರೇ, ಆಧಾರ ಎಲ್ಲಿಂದ ಬರಬೇಕು? ಸಾಹೇಬರು ಬಾಯಲ್ಲಿ ಅಂದದ್ದು ಆರ್ಡರ್ ಶೀಟಿನಲ್ಲಿ ಬರಲ್ಲ. ನಾನೇ 34 ವರ್ಷ ಬರೆದವನು. "ಶ್ಯೂರಿಟಿ ಹಾಜರು, ತಿರಸ್ಕರಿಸಲಾಗಿದೆ" ಅಂತ ಒಂದು ಸಾಲು, ಅಷ್ಟೇ. ನಕ್ಕ ವಕೀಲರು ಸಾಕ್ಷಿ ಹೇಳ್ತಾರಾ? ನಾಳೆ ಅದೇ ಕೋರ್ಟಿನಲ್ಲಿ ಅವರು ಇನ್ನೊಂದು ಕೇಸು ನಡೆಸಬೇಕು. ಸುಪ್ರೀಂ ಕೋರ್ಟಿನ ಕಲಾಪ ಮೊಬೈಲಿನಲ್ಲಿ ನೋಡಬಹುದು. ತಾಲ್ಲೂಕು ಕೋರ್ಟಿನಲ್ಲಿ ಮೊಬೈಲ್ ಹೊರತೆಗೆದರೆ ಕಿತ್ತುಕೊಳ್ಳುತ್ತಾರೆ.

ಕರಿಕೋಟು ಧಾರವಾಡ | ಬುಧವಾರ ಬೆಳಿಗ್ಗೆ 7:05

ಕಾಕಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೂ ನಕ್ಕಿದ್ದೇನೆ, ಬೇರೆ ಕೋರ್ಟಿನಲ್ಲಿ, ಬೇರೆಯವರ ಮೇಲೆ. ಆವತ್ತು ನಗು ಬಂದಿರಲಿಲ್ಲ, ಆದರೂ ನಕ್ಕೆ.

ಖಾಕಿ ಮನೆಯವ | ಬುಧವಾರ ಬೆಳಿಗ್ಗೆ 9:20

ಅಪ್ಪನಿಗೆ ಈ ಚರ್ಚೆ ಓದಿ ಹೇಳಿದೆ. "ಗಾಡಿಯವನನ್ನು ಹಿಡಿಯೋದು ಸುಲಭ, ಚೀಲ ಹಾಕಿದವನನ್ನು ಹಿಡಿಯೋದು ಕಷ್ಟ" ಅಂದರು. ಅದಕ್ಕೆ ಮುಂದೆ ಏನೂ ಹೇಳಲಿಲ್ಲ. ಮೊತ್ತ ಕಮ್ಮಿ ಮಾಡಬೇಕು ಅಂತ ನಾನು ಈಗಲೂ ಪೂರ್ತಿ ಒಪ್ಪಲ್ಲ. ಮಾವನನ್ನು ಮಾತ್ರ ಒಪ್ಪಬೇಕಿತ್ತು.

ಬೆಟಗೇರಿ ಮಗ್ಗ | ಮುಂದಿನ ಸೋಮವಾರ ರಾತ್ರಿ 10:15

ತಮ್ಮ ಮನೆಗೆ ಬಂದ.

ಬುಧವಾರವೇ ಪ್ರಾಧಿಕಾರಕ್ಕೆ ಹೋದೆ. ಅಲ್ಲಿದ್ದ ಮೇಡಂ ಜೈಲಿನಿಂದ ಏಳನೇ ದಿನಕ್ಕೆ ಬರಬೇಕಿದ್ದ ಮಾಹಿತಿ ಬಂದೇ ಇಲ್ಲ ಅಂತ ನೋಡಿ ತಾವೇ ಫೋನ್ ಮಾಡಿದರು. ಗುರುವಾರ ಅರ್ಜಿ ಬಿತ್ತು. ಬಸ್ ಟಿಕೆಟ್ ಎರಡು ಸಿಕ್ಕವು, ಮಾವನ ಅಂಗಿ ಜೇಬಿನಲ್ಲಿ, ಒಗೆದು ಮುದ್ದೆಯಾಗಿದ್ದವು. ಅವನ್ನೇ ಹಚ್ಚಿದೆವು. ಶನಿವಾರ ಆರ್ಡರ್ ಆಯಿತು. 25,000 ರೂಪಾಯಿ, ಒಬ್ಬರೇ ಶ್ಯೂರಿಟಿ, ಯಾವ ಜಿಲ್ಲೆಯವರಾದರೂ ಸರಿ. ಅದೇ ಕೋರ್ಟು, ಅದೇ ಸಾಹೇಬರು. ಈ ಸಲ ತಲೆ ಎತ್ತಿ ನೋಡಲೂ ಇಲ್ಲ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೆ ಇಷ್ಟು ದಿನ ಕಾದೆವು ಅಂತ ಹೊರಗೆ ಬಂದ ಮೇಲೆ ಹೊಟ್ಟೆ ಉರಿಯಿತು.

ಇವತ್ತು ಮಾವ ನಾಲ್ಕನೇ ಸಲ ಬಂದು ಸಹಿ ಹಾಕಿದರು. ಬಿಡುಗಡೆ ಕಾಗದ ಜೈಲಿಗೆ ಮುಟ್ಟುವಾಗ ಸಂಜೆ ಆರು ದಾಟಿತ್ತು.

ದೂರಿನ ವಿಷಯ ಇನ್ನೂ ನಿರ್ಧಾರ ಮಾಡಿಲ್ಲ. ಅಫಿಡವಿಟ್ ಟೈಪ್ ಮಾಡಿಸಿ ಇಟ್ಟಿದ್ದೇನೆ, ಸಹಿ ಹಾಕಿಲ್ಲ. ಕೇಸು ಅದೇ ಕೋರ್ಟಿನಲ್ಲಿ ನಡೆಯಬೇಕು. ತಮ್ಮ ಬೇಡ ಅಂತಾನೆ. ಅವ್ವ ಕೊಡು ಅಂತಾಳೆ. ಎಲ್ಲರೂ ನಕ್ಕರು ಅಂತ ನಾನು ಅವಳಿಗೆ ಹೇಳಬಾರದಿತ್ತು.

ನಿವೃತ್ತ ಗುಮಾಸ್ತ | ಮುಂದಿನ ಸೋಮವಾರ ರಾತ್ರಿ 10:40

ಖುಷಿ ಆಯಿತು ತಮ್ಮಾ. ದೂರು ಕೊಡು, ಬಿಡು, ಅದು ಆಮೇಲೆ. ಮೊದಲು ಇಡೀ ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕು. ಮಾವನನ್ನು ವಾಪಸ್ ಕಳಿಸಿದ ಮೂರೂ ದಿನದ ಸಾಲು ಅದರಲ್ಲಿ ಇದೆಯಾ ಇಲ್ವಾ ನೋಡಿಕೋ. ಮತ್ತೆ ತಾರೀಖು ಮಾತ್ರ ತಪ್ಪಿಸಬೇಡಿ, ಮಾವನ ಉತಾರ ಅಲ್ಲಿದೆ.

ಬೆಟಗೇರಿ ಮಗ್ಗ | ಮುಂದಿನ ಸೋಮವಾರ ರಾತ್ರಿ 10:52

ಶನಿವಾರವೇ ಹಾಕಿದ್ದೇನೆ ಕಾಕಾ. ತಾರೀಖು 19ಕ್ಕೆ ಇದೆ. ಗಾಡಿ ಫೈನಾನ್ಸಿನವರು 17ಕ್ಕೆ ಬರ್ತಾರೆ.